ಕುದುರೆಗೂ ಒಂದು ಕಂಬಳಿ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎಂಬುದು ನಮ್ಮ ಕಡೆಯ ಮಾತು. ಆದರೆ ಅಮೆರಿಕದ ಕೆಂಟಕಿ ರಾಜ್ಯದ ಚಳಿಗೆ ಶಿವರಾತ್ರಿಯ ಲೆಕ್ಕ ಗೊತ್ತಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಚಳ್ಳಕೆರೆಯಲ್ಲಿ ಬಿಸಿಲು ನೆತ್ತಿ ಸುಡುತ್ತಿದ್ದಾಗ, ನಾನು ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಮಗಳ ಬಾಡಿಗೆ ಮನೆಯ ಕಿಟಕಿಯ ಬಳಿ ಕುಳಿತಿದ್ದೆ. ಅವಳು ಅಲ್ಲಿ ಪಶು ಆಹಾರ ವಿಜ್ಞಾನದಲ್ಲಿ ಎಂ.ಎಸ್. ಓದುತ್ತಿದ್ದಳು. ಮೇ ತಿಂಗಳಿನ ಘಟಿಕೋತ್ಸವ ನೋಡಲೆಂದು ನಾನು ಹೋಗಿದ್ದೆ.

ಲೆಕ್ಸಿಂಗ್ಟನ್ ತನ್ನನ್ನು ‘ಜಗತ್ತಿನ ಕುದುರೆಗಳ ರಾಜಧಾನಿ’ ಎಂದು ಕರೆದುಕೊಳ್ಳುತ್ತದೆ. ಊರು ದಾಟಿದರೆ ಸಾಕು, ಅಲೆ ಅಲೆಯಾದ ಹಸಿರು ಹುಲ್ಲುಗಾವಲು, ಅದರ ಸುತ್ತ ಮೈಲುಗಟ್ಟಲೆ ಮರದ ಹಲಗೆಗಳ ಬೇಲಿ, ಬೇಲಿಯೊಳಗೆ ಮಿರಿಮಿರಿ ಮಿಂಚುವ ಥರೋಬ್ರೆಡ್ ಕುದುರೆಗಳು. ಈ ನೆಲದಡಿ ಸುಣ್ಣಕಲ್ಲಿನ ಪದರವಿದೆ. ಅದರಿಂದ ನೀರಿಗೂ ಹುಲ್ಲಿಗೂ ಕ್ಯಾಲ್ಸಿಯಂ ಸೇರಿ, ಮರಿಗಳ ಮೂಳೆ ಗಟ್ಟಿಯಾಗುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ. 1875ರಿಂದ ನಡೆದುಬಂದಿರುವ ಪ್ರಸಿದ್ಧ ‘ಕೆಂಟಕಿ ಡರ್ಬಿ’ ಪಂದ್ಯ ಇದೇ ರಾಜ್ಯದ ಲೂಯಿವಿಲ್ ನಗರದ್ದು. ನಾನಿದ್ದಾಗ ಅದರ 150ನೆಯ ಓಟಕ್ಕೆ ಸಿದ್ಧತೆ ನಡೆದಿತ್ತು.

ಆದರೆ ನಾನು ಹೇಳಹೊರಟಿರುವುದು ಗೆದ್ದ ಕುದುರೆಯ ಕಥೆಯನ್ನಲ್ಲ, ಕುದುರೆಯ ಹೊದಿಕೆಯ ಕಥೆಯನ್ನು.

ಮಗಳು ಓದಿನ ಜೊತೆಗೆ ವಿಶ್ವವಿದ್ಯಾಲಯದಲ್ಲೇ ಅರೆಕಾಲಿಕ ಕೆಲಸ ಮಾಡುತ್ತಿದ್ದಳು. ವಿದೇಶಿ ವಿದ್ಯಾರ್ಥಿಗಳು ತರಗತಿ ನಡೆಯುವ ದಿನಗಳಲ್ಲಿ ಸಾಮಾನ್ಯವಾಗಿ ಆವರಣದೊಳಗೆ ಮಾತ್ರ, ಅದೂ ವಾರಕ್ಕೆ 20 ಗಂಟೆ ಮೀರದಂತೆ ದುಡಿಯಬಹುದು. ‘ಏನು ಕೆಲಸವಮ್ಮಾ?’ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ‘ಲ್ಯಾಬ್ ಕೆಲಸ ಅಪ್ಪಾ’ ಎನ್ನುತ್ತಿದ್ದಳು. ನಾನೂ ಅದನ್ನೇ ನೆಂಟರಿಷ್ಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೆ.

ಒಂದು ಶನಿವಾರ ಬೆಳಿಗ್ಗೆ ‘ಬನ್ನಿ ಅಪ್ಪಾ, ನನ್ನ ಲ್ಯಾಬ್ ತೋರಿಸ್ತೀನಿ’ ಎಂದು ಕರೆದುಕೊಂಡು ಹೋದಳು. ಹೋಗಿ ನೋಡಿದರೆ ಅದು ಕುದುರೆ ಲಾಯ! ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು, ಸಿಮೆಂಟ್ ನೆಲದ ಮೇಲೆ ಮಂಚದಗಲದ ಒಂದು ಹೊದಿಕೆ ಹರಡಿ, ಅದಕ್ಕೆ ಮೆತ್ತಿದ ಲದ್ದಿಯನ್ನು ಮಗಳು ಬ್ರಷ್‌ನಿಂದ ಕೆರೆಯತೊಡಗಿದಳು. ನನಗೆ ಮಾತೇ ಹೊರಡಲಿಲ್ಲ. ಸಾಲ ಮಾಡಿ ಏಳು ಸಮುದ್ರ ದಾಟಿಸಿದ್ದು ಇದಕ್ಕೇ ಏನು? ಮುಖದಲ್ಲಿ ಅದು ಕಂಡಿರಬೇಕು. ತಲೆ ಎತ್ತದೆಯೇ ಕೇಳಿದಳು: ‘ಬೇಜಾರಾಯ್ತಾ ಅಪ್ಪಾ?’

ಉತ್ತರ ಹೊಳೆಯದೆ ‘ಕುದುರೆಗೇಕೆ ಹೊದಿಕೆ?’ ಎಂದೆ.

ಅವಳ ವಿವರಣೆ ಸ್ವಾರಸ್ಯವಾಗಿತ್ತು. ಹಗಲು ಗಿಡ್ಡವಾಗುತ್ತ ಬಂದಂತೆ ಕುದುರೆಯ ಮೈಮೇಲೆ ತಾನಾಗಿಯೇ ದಟ್ಟ ರೋಮ ಬೆಳೆಯುತ್ತದೆ. ಆರೋಗ್ಯವಂತ ಕುದುರೆಗೆ ಗಾಳಿ ಮಳೆಗೆ ಮರೆಯೊಂದಿದ್ದರೆ ಅದೇ ಸಾಕು. ಆದರೆ ಚಳಿಗಾಲದಲ್ಲೂ ಓಡಿಸುವ ಕುದುರೆ ಬೆವರಿದರೆ ಆ ದಟ್ಟ ರೋಮ ಬೇಗ ಒಣಗುವುದಿಲ್ಲ. ಹಾಗಾಗಿ ರೋಮ ಕತ್ತರಿಸುತ್ತಾರೆ. ದೇವರು ಕೊಟ್ಟ ಕಂಬಳಿ ಕಿತ್ತುಕೊಂಡ ಮೇಲೆ ಮನುಷ್ಯ ಇನ್ನೊಂದನ್ನು ಕೊಡಲೇಬೇಕಲ್ಲ! ಮುದಿ ಕುದುರೆಗೂ ಬಡಕಲು ಕುದುರೆಗೂ ಬೇಕಾಗುತ್ತದೆ. ಹೊದಿಕೆಯ ಹೊರಮೈ ನೈಲಾನ್ ಅಥವಾ ಪಾಲಿಯೆಸ್ಟರ್. ಅದರ ಗಟ್ಟಿತನವನ್ನು 600, 1200 ಎಂದು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಒಳಗೆ ನೀರು ತಡೆಯುವ ಲೇಪ, ನಡುವೆ ಕೃತಕ ಹತ್ತಿಯಂಥ ತುಂಬುವಿಕೆ.

ಚಳಿ ಮುಗಿದೊಡನೆ ಎಲ್ಲವನ್ನೂ ಒಗೆದಿಡುವಂತೆಯೂ ಇಲ್ಲ. ಕೆಂಟಕಿಯ ವಸಂತದಲ್ಲಿ ಬೆಚ್ಚಗಾಯಿತು ಎನ್ನುವಷ್ಟರಲ್ಲಿ ಚಳಿ ಮತ್ತೆ ಮತ್ತೆ ತಿರುಗಿ ಬರುತ್ತದೆ. ಇಲ್ಲಿನ ರೈತರು ಆಗ ಅರಳುವ ಹೂವಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ: ‘ರೆಡ್‌ಬಡ್ ಚಳಿ’, ‘ಡಾಗ್‌ವುಡ್ ಚಳಿ’, ಕೊನೆಗೆ ಮೇ ತಿಂಗಳ ‘ಬ್ಲ್ಯಾಕ್‌ಬೆರಿ ಚಳಿ’. ನಾವು ಮಳೆಗೆ ಭರಣಿ, ಕೃತ್ತಿಕಾ, ರೋಹಿಣಿ ಎಂದು ಹೆಸರಿಟ್ಟ ಹಾಗೆ! ಆದ್ದರಿಂದ ಕುದುರೆಗೊಂದರಂತೆ ತೆಳು ಹೊದಿಕೆ ಉಳಿಸಿಕೊಂಡು, ಮಿಕ್ಕ ದಪ್ಪ ಹೊದಿಕೆಗಳನ್ನು ಮೊದಲು ಒಗೆಯುತ್ತಾರೆ.

ಒಗೆಯುವುದೂ ಒಂದು ಶಾಸ್ತ್ರ. ಮೊದಲು ಒಣ ಕೊಳೆಯನ್ನೂ ರೋಮವನ್ನೂ ಉಜ್ಜಿ ತೆಗೆಯಬೇಕು. ಮನೆಯ ಯಂತ್ರಕ್ಕೆ ಹಾಕಿದರೆ ಯಂತ್ರವೇ ಕೆಟ್ಟೀತು. ಕಾಸು ಹಾಕಿ ಬಟ್ಟೆ ಒಗೆಯುವ ಎಷ್ಟೋ ಅಂಗಡಿಗಳಲ್ಲಿ ‘ಕುದುರೆ ಹೊದಿಕೆ ತರಬೇಡಿ’ ಎಂಬ ಫಲಕವೇ ಇರುತ್ತದೆ. ಬಿಸಿ ನೀರು ಕೂಡದು, ಖಾರವಾದ ಸೋಪು ಪುಡಿಯೂ ಕೂಡದು. ಎರಡೂ ನೀರು ತಡೆಯುವ ಲೇಪವನ್ನು ಹಾಳುಮಾಡುತ್ತವೆ. ತಣ್ಣೀರು, ಮೃದು ಸೋಪು, ಮೆತ್ತನೆಯ ಬ್ರಷ್. ಆಮೇಲೆ ನೊರೆ ಪೂರ್ತಿ ಹೋಗುವ ತನಕ ಜಾಲಿಸಬೇಕು. ಸೋಪು ಉಳಿದರೆ ಕುದುರೆಯ ಚರ್ಮಕ್ಕೆ ತುರಿಕೆ. ಒಂದರ ಹೊದಿಕೆ ಇನ್ನೊಂದಕ್ಕೆ ಹಾಕಿದರೆ ಹುಳುಕಡ್ಡಿಯಂಥ ಚರ್ಮರೋಗ ಹರಡುತ್ತದೆ. ಅದಕ್ಕೇ ಪ್ರತಿ ಹೊದಿಕೆಗೂ ಕುದುರೆಯ ಹೆಸರಿನ ಚೀಟಿ. ನಂತರ ಬೇಲಿಯ ಮೇಲೆ ಹರವಿ ಒಣಗಿಸಿ, ಹರಿದದ್ದನ್ನು ಹೊಲಿದು, ನೀರು ತಡೆಯುವ ದ್ರಾವಣ ಮತ್ತೆ ಸಿಂಪಡಿಸಿ, ಕೊಂಡಿಗಳಿಗೆ ಎಣ್ಣೆ ಮುಟ್ಟಿಸಿ, ಇಲಿ ಸೇರದ ಕಡೆ ಮಡಿಸಿಡಬೇಕು.

ಮಡಿಸುವ ಮುಂಚೆ ಮಗಳು ಒಂದೊಂದು ಹೊಲಿಗೆಯನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ‘ಇದೇನಮ್ಮಾ?’ ಎಂದೆ. ‘ಕೈಗೆ ಒಣಗಿದ ಹಾಗೆ ಕಾಣುತ್ತೆ, ಕೆನ್ನೆಗೆ ತೇವ ಗೊತ್ತಾಗುತ್ತೆ’ ಎಂದು ಒಂದು ಕ್ಷಣ ಸುಮ್ಮನಾದಳು. ‘ಹೋದ ವರ್ಷ ಒಂದನ್ನ ಅವಸರದಲ್ಲಿ ಮಡಿಸಿಟ್ಟುಬಿಟ್ಟಿದ್ದೆ. ನವೆಂಬರ್‌ನಲ್ಲಿ ತೆಗೆದರೆ ಒಳಗೆಲ್ಲ ಕಪ್ಪು ಬೂಷ್ಟು. ಯಾರೂ ನೋಡಿರಲಿಲ್ಲ. ಅಡಿಯಲ್ಲಿ ತಳ್ಳಿಬಿಡೋಣ ಅನ್ನಿಸಿತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಮೇಲ್ವಿಚಾರಕಿಗೆ ಹೇಳಿದೆ. ಬಯ್ಯಲಿಲ್ಲ. ಕೆನ್ನೆಗೆ ಇಟ್ಟು ನೋಡೋದನ್ನ ಅವರೇ ಕಲಿಸಿದ್ದು.’

ಲಾಯದಲ್ಲಿ ಸತ್ಯ ಹೇಳಿದ ಮಗಳು ನನಗೇಕೆ ‘ಲ್ಯಾಬ್’ ಎಂದಳು? ಅದನ್ನು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಏಕೆಂದರೆ ನನ್ನದೂ ಒಂದು ಗುಟ್ಟಿತ್ತು.

ನನ್ನ ಅಪ್ಪ ಚಳ್ಳಕೆರೆ ಸೀಮೆಯಲ್ಲಿ ಕಂಬಳಿ ನೇಯುತ್ತಿದ್ದವರು. ಕುರಿಯ ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಬಳಿದು, ಬಿಸಿಲಲ್ಲಿ ಒಣಗಿಸಿ, ಕುಣಿಮಗ್ಗದಲ್ಲಿ ಕುಳಿತು ನೇಯ್ಗೆ. ಹೊಸ ಕಂಬಳಿಯ ಮೇಲೆ ಮಳೆಹನಿ ಜಾರುವುದು ಉಣ್ಣೆಯ ಜಿಡ್ಡು ಮತ್ತು ಆ ಗಂಜಿಯ ಗುಣದಿಂದ. 1978ರಲ್ಲಿ ನಾನು ಓದಲು ಚಿತ್ರದುರ್ಗದ ಹಾಸ್ಟೆಲಿಗೆ ಹೊರಟಾಗ ಅಪ್ಪ ತಾವೇ ನೇಯ್ದ ಕರಿಕಂಬಳಿ ಕೊಟ್ಟಿದ್ದರು. ಗೆಳೆಯರು ನಕ್ಕಾರೆಂದು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿ, ತೆಳು ದುಪ್ಪಟಿಯಲ್ಲಿ ಚಳಿಗಾಲ ಕಳೆದೆ. ‘ಅಪ್ಪ ಏನು ಮಾಡ್ತಾರೆ?’ ಎಂದವರಿಗೆ ‘ಜಮೀನು ನೋಡಿಕೊಳ್ತಾರೆ’ ಎಂದೆ. ಮೇಷ್ಟ್ರಾದ ಮೇಲೂ ಮಗಳಿಗೆ ಮಗ್ಗದ ಮಾತು ಹೇಳಲಿಲ್ಲ. ಕಂಬಳಿಯಲ್ಲಿ ಅನ್ನ ಕಟ್ಟಿಕೊಂಡು ಕೂದಲು ಎಂದವನ ಹಾಗೆ, ಆ ಮಗ್ಗದ ಅನ್ನ ಉಂಡೇ ನಾನು ಅದಕ್ಕೆ ನಾಚಿದ್ದೆ.

ಆ ದಿನ ಬೇಲಿಯ ಬಳಿ ನಿಂತು ಎಲ್ಲವನ್ನೂ ಹೇಳಿದೆ. ಮಗಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ಅಜ್ಜಿ ಕಂಬಳಿ ಹೇಗೆ ಒಗೀತಿದ್ದರು?’ ಎಂದು ಕೇಳಿದಳು. ‘ಒಗೆಯೋದೇ ಅಪರೂಪ. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯೋರು. ಒಗೆಯಲೇಬೇಕಾದರೆ ತಣ್ಣೀರು, ಅಂಟುವಾಳದ ನೊರೆ. ಎತ್ತಿಡುವಾಗ ಒಣಗಿದ ಬೇವಿನ ಸೊಪ್ಪು’ ಎಂದೆ. ‘ನಮ್ಮದೂ ಅದೇ ಸಿಲಬಸ್’ ಎಂದು ನಕ್ಕಳು. ನಾನೂ ಪ್ಯಾಂಟು ಮಡಿಸಿ ಇನ್ನೊಂದು ಬ್ರಷ್ ತೆಗೆದುಕೊಂಡೆ. ನೆನೆದ ಹೊದಿಕೆಯನ್ನು ಒಬ್ಬರೇ ಎತ್ತುವುದು ಕಷ್ಟ. ಸಂಜೆಯವರೆಗೆ ಇಬ್ಬರೂ ಸೇರಿ ಒಂಬತ್ತು ಒಗೆದು ಹಾಕಿದೆವು. ಘಟಿಕೋತ್ಸವದ ಫೋಟೊಕ್ಕಿಂತ ಆ ದಿನ ಮೇಲ್ವಿಚಾರಕಿ ತೆಗೆದುಕೊಟ್ಟ ಫೋಟೊವೇ ನನಗೆ ಹೆಚ್ಚು.

ಊರಿಗೆ ಬಂದವನು ಅಟ್ಟದಿಂದ ಟ್ರಂಕು ಇಳಿಸಿದೆ. ಅಪ್ಪನ ಕಂಬಳಿಯಲ್ಲಿ ನುಸಿ ಎರಡು ತೂತು ಮಾಡಿತ್ತು, ಮಿಕ್ಕಂತೆ ಗಟ್ಟಿಯಾಗಿತ್ತು. ಎರಡು ದಿನ ಬಿಸಿಲಿಗೆ ಹಾಕಿ, ಬಡಿದು, ತೂತಿಗೆ ಉಣ್ಣೆಯ ದಾರ ಹೆಣೆಸಿದೆ. ಈಗ ಅದು ಟ್ರಂಕಿನಲ್ಲಿಲ್ಲ, ನನ್ನ ಮಂಚದ ಮೇಲಿದೆ. ಮನೆಗೆ ಬಂದವರು ‘ಮಗಳು ಅಮೆರಿಕದಲ್ಲಿ ಏನು ಮಾಡುತ್ತಿದ್ದಳು?’ ಎಂದು ಕೇಳಿದರೆ, ಓದಿನ ಜೊತೆಗೆ ಕುದುರೆಯ ಕಂಬಳಿ ಒಗೆಯುತ್ತಿದ್ದಳು ಎಂದೇ ಹೇಳುತ್ತೇನೆ. ನಮ್ಮಪ್ಪ ಕಂಬಳಿ ನೇಯುತ್ತಿದ್ದರು ಎಂಬುದನ್ನೂ ಸೇರಿಸುತ್ತೇನೆ.