ಬಳ್ಳಿಯ ಬುಡ ಕೆದಕಿದಾಗ

ನವೆಂಬರ್ ತಿಂಗಳು. ದೋಣಿಗಲ್ ದಾಟಿ ಶಿರಾಡಿ ಘಾಟಿಯತ್ತ ಹೊರಟ ಲಾರಿಗಳ ಸದ್ದು ತೋಟದೊಳಗೂ ಕೇಳುತ್ತಿದೆ. ರೋಬಸ್ಟಾ ಗಿಡಗಳ ನಡುವೆ, ಹಾಲುವಾಣ ಮರಕ್ಕೆ ಹಬ್ಬಿಸಿದ ಪಣಿಯೂರು-1 ಮೆಣಸಿನ ಬಳ್ಳಿ ನಿಮ್ಮ ಎದುರಿಗಿದೆ. ಪಕ್ಕದ ಬಳ್ಳಿ ಕಡುಹಸಿರು, ಇದು ಹಳದಿ. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿಯಿರಿ: ನರಗಳಷ್ಟೇ ಹಸಿರು, ನಡುವೆಲ್ಲ ಅರಿಸಿನ ಬಳಿದಂತಿದೆ.

"ಬೋರ್ಡೋ ಎರಡ್ ಸಲ ಹೊಡ್ದಾಯ್ತಲ್ಲ ಗೌಡ್ರೇ, ಇನ್ನೂ ಯಾಕೆ ಹಿಂಗೆ?" ಮೇಸ್ತ್ರಿ ಕೇಳುತ್ತಾನೆ.

ಬೋರ್ಡೋ ದ್ರಾವಣ ಶಿಲೀಂಧ್ರಕ್ಕೆ. ಮಳೆಗಾಲದಲ್ಲಿ ಕೆಲವೇ ವಾರಗಳಲ್ಲಿ ಬಳ್ಳಿ ಮಲಗಿಸುವ ಶೀಘ್ರ ಸೊರಗಿಗೆ. ಇದು ನಿಧಾನ ಸೊರಗು. ಗೌಡರು ಕುಕ್ಕರುಗಾಲಲ್ಲಿ ಕೂತು, ಗುದ್ದಲಿ ಬಿಟ್ಟು ಬೆರಳಲ್ಲೇ ದರಗು ಸರಿಸುತ್ತಾರೆ. ಎಳೆಬೇರಿನ ಒಂದು ಕುಚ್ಚು ಮೇಲೆ ಬರುತ್ತದೆ. ನೀರಲ್ಲಿ ಜಾಲಿಸಿದರೆ ಅಲ್ಲಲ್ಲಿ ಪುಟ್ಟ ಗಂಟುಗಳು. ಹಾಲುವಾಣದ ಬೇರಲ್ಲೂ ಗಂಟಿರುತ್ತದೆ, ಆದರೆ ಸಾರಜನಕ ಹಿಡಿಯುವ ಆ ಗಂಟು ಉಗುರು ತಾಗಿಸಿದರೆ ಕಳಚಿ ಬೀಳುತ್ತದೆ. ಇಲ್ಲಿ ಉಬ್ಬಿರುವುದು ಬೇರೇ, ಕೆರೆದರೂ ಬಿಡದು. ಇದು ಗಂಟುಹುಳುವಿನ ಕೆಲಸ. ಒಳಗೆ ಕೂತ ಹೆಣ್ಣು ಗಂಡಿನ ಹಂಗಿಲ್ಲದೆ ನೂರಾರು ಮೊಟ್ಟೆ ಇಡುತ್ತದೆ. ಬಿಳಿಬೇರಿನ ಮೇಲಿನ ಕಂದು-ನೇರಳೆ ಕಲೆ ಮಾತ್ರ ಇನ್ನೊಂದರದು, ಬೇರು ಕೊರೆಯುವ ಜಂತುವಿನದು.

ಮಳೆಗಾಲದಲ್ಲಿ ಉಳಿದ ಅರ್ಧ ಬೇರೇ ಬಳ್ಳಿಗೆ ಸಾಕು. ಅಕ್ಟೋಬರ್ ಕಳೆದು ನೆಲದ ತೇವ ಇಳಿದಾಗಲೇ ಗುಟ್ಟು ರಟ್ಟಾಗುವುದು. ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ, ನಾವು ಮರೆಯುತ್ತೇವೆ. ಕೆಲವು ವರ್ಷಕ್ಕೆ ಬಳ್ಳಿಯೇ ಇರುವುದಿಲ್ಲ.

ಸಂಜೆ ಜರಡಿಗೆ ಟಿಶ್ಯೂ ಕಾಗದ ಹಾಸಿ, ಬೇರಿನ ಚೂರು ಹರಡಿ, ಕೆಳಗೆ ನೀರು ತಾಗುವಂತೆ ತಟ್ಟೆಯಲ್ಲಿಡುತ್ತಾರೆ. ಇದರ ಮೂಲ ಉಪಾಯ 1917ರಲ್ಲಿ ಬೇರ್ಮನ್ ಎಂಬ ವೈದ್ಯ, ಮನುಷ್ಯರ ಕೊಕ್ಕೆಹುಳುವನ್ನು ಮಣ್ಣಿನಿಂದ ಹಿಡಿಯಲು ಹೂಡಿದ್ದು. ಮರುದಿನ ಆ ನೀರಿನ ಒಂದು ಹನಿ, ಮಗಳ ಕಾಲೇಜಿನ ಹಳೇ ಮೈಕ್ರೋಸ್ಕೋಪ್. ಕಣ್ಣಿಟ್ಟು ನೋಡಿ: ಅರ್ಧ ಮಿಲಿಮೀಟರೂ ಇಲ್ಲದ ಪಾರದರ್ಶಕ ಮೈ, ಹೊರಳಾಟ, ತಲೆಯಲ್ಲಿ ಬೇರು ಚುಚ್ಚುವ ಟೊಳ್ಳು ಸೂಜಿ.

ಗಂಟುಹುಳು ತಾಳಿಕೊಳ್ಳುವ 'ಪೌರ್ಣಮಿ' ತಳಿ 1991ರಲ್ಲೇ ಕೋಯಿಕ್ಕೋಡಿನಿಂದ ಬಂದಿದೆ. ನಾವು ಪಣಿಯೂರಿನ ಗೊಂಚಲಿನ ಉದ್ದಕ್ಕೆ ಸೋತವರು, ಬಿಡಿ.

ಗೌಡರು ಶೆಡ್ಡಿನ ಹಿಂದೆ ಉಳಿದಿದ್ದ ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಸೀಳಿ ಮಣ್ಣು ಉದುರಿಸುತ್ತಾರೆ. ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸಿ ಬೇಯಿಸಬೇಕಿದ್ದ ಮಣ್ಣು. ಒಳಗಿನ ಸಸಿಯ ಬೇರಿನಲ್ಲಿ ಅದೇ ಗಂಟು.

"ಈ ಲೋಡಿನ ಮಿಕ್ಕ ಸಸಿ ಎಲ್ಲಿ ಹಾಕ್ಸಿದೆ?"

"ಕೆಳಗಿನ ತೋಟದ ಗ್ಯಾಪ್‌ಗೆ ಗೌಡ್ರೇ, ಜೂನಲ್ಲೇ."

"ಗುದ್ದಲಿ ತಗೊ, ನಡಿ."