ಹಳಿಯ ಆಚೆ ಮಗಳು, ಈಚೆ ಮಗ

ಡೊಂಬಿವಲಿಯಲ್ಲಿ ಮನೆ ಎಂದರೆ ಮುಂದಿನ ಪ್ರಶ್ನೆ ಈಸ್ಟೋ ವೆಸ್ಟೋ ಎಂಬುದು. ಬೋರಿಬಂದರಿನಿಂದ ಠಾಣೆಗೆ 1853ರಲ್ಲಿ ಓಡಿದ ರೈಲು ಮರುವರ್ಷ ಕಲ್ಯಾಣ್ ಮುಟ್ಟಿತು. ಊರು ಹಳಿಯ ಎರಡೂ ಬದಿಗೆ ಹಬ್ಬಿದ್ದು ಆಮೇಲೆ. ನಮ್ಮ ಮನೆ ವೆಸ್ಟಿನಲ್ಲಿ. ಮಗನ ಶಾಲೆಯೂ ಇಲ್ಲೇ, ನಡೆದರೆ ಹತ್ತು ನಿಮಿಷ. ಮಗಳ ಶಾಲೆ ಈಸ್ಟಿನಲ್ಲಿ. ಇಬ್ಬರನ್ನೂ ಒಂದೇ ಕಡೆ ಹಾಕಬಾರದಿತ್ತೇ ಎಂದು ಊರಿಗೆ ಹೋದಾಗಲೆಲ್ಲ ಅತ್ತೆ ಕೇಳುತ್ತಾರೆ. ಮಗನಿಗೆ ಅಲ್ಲಿ ಸೀಟು ಸಿಗಲಿಲ್ಲ, ಅಷ್ಟೇ.

ಮೊದಲು ಇಬ್ಬರಿಗೂ ಬೆಳಿಗ್ಗೆ ಏಳಕ್ಕೇ ಶಾಲೆ. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲವೆಂದು, 2024-25ರ ಶೈಕ್ಷಣಿಕ ವರ್ಷದಿಂದ ನಾಲ್ಕನೆಯ ತರಗತಿಯವರೆಗೆ ಒಂಬತ್ತಕ್ಕೆ ಮೊದಲು ಶಾಲೆ ಬೇಡವೆಂದು ಮಹಾರಾಷ್ಟ್ರ ಸರಕಾರ ಹೇಳಿತು. ಒಳ್ಳೆಯ ಮಾತೇ. ಮಗ ಅಂದಿನಿಂದ ಅಳದೆ ಎದ್ದು, ಕೂತು ದೋಸೆ ತಿನ್ನತೊಡಗಿದ. ಆದರೆ ದೊಡ್ಡವಳ ಶಾಲೆ ಏಳಕ್ಕೇ ಉಳಿಯಿತು. ವ್ಯಾನಿನವನು, ಒಂಬತ್ತರ ಟ್ರಾಫಿಕ್ಕಿನಲ್ಲಿ ಇನ್ನೊಂದು ಫೇರಿ ಆಗುವುದಿಲ್ಲ ಎಂದು ಕೈಯೆತ್ತಿದ.

ಫ್ರಿಜ್ಜಿನ ಬಾಗಿಲಿಗೆ ಹೊಸ ವೇಳಾಪಟ್ಟಿ ಅಂಟಿಸಿದೆ. ಮಗಳನ್ನು ಶಾಲೆಗೆ ಬಿಟ್ಟು ಇವರು ಫೋರ್ಟಿನ ಕೆಲಸಕ್ಕೆ ಲೋಕಲ್ ಹಿಡಿಯಬೇಕು. ನಾನು ಮಗನನ್ನು ಬಿಟ್ಟು ಠಾಣೆಯ ಆಫೀಸಿಗೆ. ಹನ್ನೆರಡೂವರೆಗೆ ಶಾಲೆ ಬಿಟ್ಟ ಮಗಳು ಸೇತುವೆ ದಾಟಿ ಬಂದು, ಒಂದು ಗಂಟೆಗೆ ತಮ್ಮನನ್ನು ಕರೆದುಕೊಂಡು ಮನೆಗೆ. ಊಟ ಡಬ್ಬಿಯಲ್ಲಿ, ಇನ್ನೊಂದು ಬೀಗದ ಕೈ ಎದುರುಮನೆಯ ಕಾಕುವಿನ ಹತ್ತಿರ. ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಎಲ್ಲ ಹೊಂದಿಸಿದೆ ಎಂದು ನನಗೆ ಸ್ವಲ್ಪ ಜಂಬವೂ ಇತ್ತು.

ಕಳೆದ ನವೆಂಬರಿನಲ್ಲಿ ಪಾಲಕರ ಸಭೆಗೆ ಹೋದಾಗ ಆಟದ ಟೀಚರ್ ಕೇಳಿದರು, "ಒಳ್ಳೆ ಖೋಖೋ ಆಡ್ತಿದ್ದಳು, ಯಾಕೆ ಬಿಡಿಸಿದ್ರಿ?" ಅಭ್ಯಾಸ ಇರುವುದು ಶಾಲೆ ಬಿಟ್ಟ ಮೇಲೆ, ವಾರಕ್ಕೆ ಮೂರು ದಿನ. ಬೇಜಾರು ಬಂತಮ್ಮ, ಬಿಟ್ಟೆ ಎಂದು ಮನೆಯಲ್ಲಿ ಹೇಳಿದ್ದಳು. ನಾನೂ ನಂಬಿದ್ದೆ.

ಆ ದಿನ ಅವಳು ದಿನವೂ ಬರುವ ದಾರಿಯಲ್ಲೇ ಇಬ್ಬರೂ ನಡೆದು ಬಂದೆವು. ಫಡ್ಕೆ ರೋಡಿನ ಗದ್ದಲ ದಾಟಿ, ಸ್ಟೇಷನ್ನಿನ ಮೆಟ್ಟಿಲು ಹತ್ತಿ, ಪ್ಲಾಟ್‌ಫಾರ್ಮುಗಳ ಮೇಲಿನ ಸೇತುವೆಗೆ. ಕೆಳಗೆ ಲೋಕಲ್ ಬಂದು ನಿಂತಿತು. ಮಗಳು ಥಟ್ಟನೆ ನನ್ನ ಕೈ ಹಿಡಿದು ಕಂಬದ ಬದಿಗೆ ಎಳೆದಳು. "ಟ್ರೇನ್ ಬಂದ್ರೆ ಇಲ್ಲೇ ನಿಲ್ಬೇಕಮ್ಮ. ಎಲ್ರೂ ಹೋದ ಮೇಲೆ ನಾವು." ಜನ ಮೆಟ್ಟಿಲು ತುಂಬಿ ಮೇಲೆ ನುಗ್ಗಿದರು. ಯಾವ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ವೆಸ್ಟಿನಲ್ಲಿ ರಿಕ್ಷಾ ಸಾಲನ್ನು ಎಲ್ಲಿ ದಾಟಬೇಕು ಎಂಬುದೂ ಅವಳಿಗೆ ಗೊತ್ತಿತ್ತು. ಹನ್ನೆರಡು ವರ್ಷದವಳು. ನನ್ನ ಪಟ್ಟಿಯಲ್ಲಿ ಇದಕ್ಕೆಲ್ಲ ಒಂದೇ ಸಾಲು: 12.30, ಮಗಳು ಹೊರಡುವುದು.

"ಖೋಖೋ ನಿಜಕ್ಕೂ ಬೇಜಾರಾಯ್ತಾ?" ಎಂದೆ.

ಅವಳು ರೈಲಿನ ಕಡೆ ನೋಡುತ್ತಾ ಹೇಳಿದಳು, "ಒಂದು ಗಂಟೆಗೆ ತಮ್ಮ ಗೇಟಿನ ಹತ್ರ ಒಬ್ನೇ ನಿಂತಿರ್ತಾನಲ್ಲಮ್ಮ."

ಸಂಜೆ ಕಾಕುವಿನ ಮನೆಗೆ ಹೋದೆ. ಹೇಳಲು ನಾಚಿಕೆ. ಬೀಗದ ಕೈ ಕೊಟ್ಟಿದ್ದೆನೇ ಹೊರತು ಒಂದು ಸಹಾಯ ಕೇಳಿರಲಿಲ್ಲ. "ಅಗಂ, ಆಧೀ ಸಾಂಗಾಯ್ಚಂ ನಾ" ಎಂದು ಗದರಿದರು. ಮೊದಲೇ ಹೇಳಬಾರದಿತ್ತೇ, ಎಂದು. ಈಗ ಸೋಮ, ಬುಧ, ಶುಕ್ರ ಮಗನನ್ನು ಕರೆತರುವವರು ಕಾಕು. ಅವರ ಜೊತೆ ಬಂದರೆ ಬಟಾಟೆ ವಡೆ ಸಿಗುತ್ತದೆ, ಅಕ್ಕ ಕೊಡಿಸುವುದಿಲ್ಲ ಎಂದು ಅವನ ದೂರು. ಮಗಳು ಆ ದಿನಗಳಲ್ಲಿ ಮೊಣಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಎರಡು ಗಂಟೆಗೆ ಬರುತ್ತಾಳೆ.

ಬರುವ ಜೂನ್‌ಗೆ ಮಗ ಐದನೆಯ ತರಗತಿ. ಒಂಬತ್ತರ ನಿಯಮ ನಾಲ್ಕರವರೆಗೆ ಮಾತ್ರ. ಫ್ರಿಜ್ಜಿನ ಮೇಲಿನ ಪಟ್ಟಿ ಮತ್ತೆ ಬದಲಾಗಬೇಕು. ಈ ಸಲ ಪೆನ್ನು ಮಗಳ ಕೈಗೆ ಕೊಡುತ್ತೇನೆ.