ಬೆಳ್ಳಗಿರುವುದೆಲ್ಲ ಮುಗಿಲಲ್ಲ

ಮುಗಿಲು ನೋಡಿ ಬದುಕುವುದು ನಮ್ಮ ಸೀಮೆಗೆ ಹೊಸತಲ್ಲ. ರಾಯದುರ್ಗ, ಮಡಕಶಿರಾ, ಆದವಾನಿಗಳ ಕನ್ನಡ ಮನೆಗಳಲ್ಲಿ ಪಂಚಾಂಗ ತೆರೆದು ಮೃಗಶಿರ, ಆರಿದ್ರ ಮಳೆಗಳ ಲೆಕ್ಕ ಹಾಕುವ ಹಿರಿಯರು ಇಂದಿಗೂ ಇದ್ದಾರೆ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ಗಾದೆಯ ಬೆಲೆ ಇಲ್ಲಿಯವರಿಗೆ ತಿಳಿದಷ್ಟು ಮಲೆನಾಡಿನವರಿಗೆ ತಿಳಿಯಲಾರದು. ಆದರೆ ನಮ್ಮ ಮಳೆಯ ಕಥೆಯಲ್ಲಿ ಹಿಮಕ್ಕೂ ಒಂದು ಪಾತ್ರವಿದೆಯೆಂದರೆ ಹಲವರು ನಕ್ಕಾರು.

ಏಳನೆಯ ತರಗತಿಯಲ್ಲಿ ನಾವು ಹಿಮಾಲಯದ ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದುನಿಂತು, "ಅಲ್ಲಿ ಹಿಮ ಬಿದ್ದರೆ ನಮ್ಮ ಶೇಂಗಾಕ್ಕೇನು ಸಾರ್?" ಎಂದು ಕೇಳಿದ. ಇದು ದೊಡ್ಡ ವಿದ್ವಾಂಸರನ್ನೂ ಕಾಡಿದ ಪ್ರಶ್ನೆ.

1876ರ ಧಾತು ಸಂವತ್ಸರದ ಬರವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಆಗ ರಾಯದುರ್ಗ, ಆದವಾನಿಗಳೆರಡೂ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬರದ ಕ್ರೂರ ಹೊಡೆತ ಬಿದ್ದ ಜಿಲ್ಲೆಗಳಲ್ಲಿ ಅದೂ ಒಂದು. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದ ಎಚ್. ಎಫ್. ಬ್ಲಾನ್‌ಫರ್ಡ್ ಅವರು ಬರಗಳಿಗೆ ಕಾರಣ ಹುಡುಕುತ್ತ ಹೋಗಿ, ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುವುದೆಂದು 1884ರಲ್ಲಿ ಪ್ರಬಂಧ ಬರೆದರು. ಹಿಮವು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ; ಉಳಿದ ಶಾಖವೂ ಹಿಮ ಕರಗಿಸುವುದಕ್ಕೆ, ಒದ್ದೆ ನೆಲವನ್ನು ಒಣಗಿಸುವುದಕ್ಕೆ ವ್ಯಯವಾಗುತ್ತದೆ. ನೆಲ ಸಾಕಷ್ಟು ಕಾಯದಿದ್ದರೆ ಕಡಲಿನ ತೇವದ ಗಾಳಿಯನ್ನು ಸೆಳೆಯುವ ಬಲವೂ ಕುಗ್ಗುತ್ತದೆ.

ಆದರೆ ಹಿಮವನ್ನು ಅಳೆಯುವವರಾರು? ಆ ಶಿಖರಗಳಿಗೆ ಮನುಷ್ಯ ಹತ್ತಿ ಲೆಕ್ಕ ತರುವುದು ಸುಲಭವಲ್ಲ. 1960ರ ಏಪ್ರಿಲ್ 1ರಂದು ಅಮೆರಿಕ ಹಾರಿಸಿದ ಟೈರಾಸ್-1 ಎಂಬ ಮೊದಲ ಹವಾಮಾನ ಉಪಗ್ರಹ ಆ ಕಷ್ಟಕ್ಕೆ ದಾರಿ ತೋರಿತು. 1966ರಿಂದ ಉಪಗ್ರಹ ಚಿತ್ರಗಳ ನೆರವಿನಿಂದ ಉತ್ತರಾರ್ಧ ಗೋಳದ ಹಿಮದ ನಕ್ಷೆಗಳು ವಾರವಾರವೂ ಸಿದ್ಧವಾಗತೊಡಗಿದವು. ಅವನ್ನಾಧರಿಸಿ 1976ರಲ್ಲಿ ಹಾನ್ ಮತ್ತು ಜಗದೀಶ್ ಶುಕ್ಲಾ ಅವರು ಯೂರೋಪು ಏಷ್ಯಾಗಳ ಚಳಿಗಾಲದ ಹಿಮಕ್ಕೂ ನಮ್ಮ ಮುಂಗಾರಿಗೂ ವಿಲೋಮ ಸಂಬಂಧವಿರುವಂತೆ ತೋರುವುದೆಂದು ಬರೆದರು. ಈ ಸಂಬಂಧ ಎಲ್ಲ ವರ್ಷಗಳಲ್ಲೂ ಹಿಡಿದು ನಿಲ್ಲುವುದಿಲ್ಲ. ಶಾಂತಸಾಗರದ ಎಲ್ ನಿನೊ ಮೊದಲಾದ ಬಲಗಳೂ ಜೊತೆಗಿವೆ. ಹಿಮ ಒಂದು ಸಾಕ್ಷಿ, ತೀರ್ಪಲ್ಲ.

ನಮ್ಮ ದೇಶದ್ದೇ ಆದ ಇನ್ಸಾಟ್-3ಡಿಆರ್ 2016ರಲ್ಲಿಯೂ ಇನ್ಸಾಟ್-3ಡಿಎಸ್ 2024ರ ಫೆಬ್ರುವರಿ 17ರಂದೂ ಮೇಲೇರಿದವು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಡನೆಯೇ ಸುತ್ತುತ್ತ ಇರುವುದರಿಂದ, ಅವು ನಮ್ಮ ನೆತ್ತಿಯ ಮೇಲೆ ನಿಂತಂತೆಯೇ ಲೆಕ್ಕ. ಅವು ಕಳುಹಿಸುವ ಚಿತ್ರಗಳನ್ನು ಹವಾಮಾನ ಇಲಾಖೆಯವರು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ಮೊಬೈಲು ಫೋನಿನಲ್ಲಿ ಅವನ್ನು ತೆರೆದು ಮಕ್ಕಳ ಕೈಗೆ ಕೊಡುವುದು ನಮ್ಮ ರೂಢಿ.

ಹಿಮವೂ ಬಿಳಿದು, ಮುಗಿಲೂ ಬಿಳಿದು, ಬೇರ್ಪಡಿಸುವುದು ಹೇಗೆ? ಅರ್ಧ ಗಂಟೆಯ ಅಂತರದ ಕೆಲವು ಚಿತ್ರಗಳನ್ನು ಒಂದಾದ ಮೇಲೊಂದು ನೋಡಿರೆಂದೆವು. ಸರಿದದ್ದು ಮುಗಿಲು, ನಿಂತದ್ದು ಹಿಮ ಎಂದು ಹುಡುಗಿಯೊಬ್ಬಳು ತಾನಾಗಿಯೇ ಕಂಡುಕೊಂಡಳು. ವಿಜ್ಞಾನಿಗಳಿಗೆ ಇನ್ನೊಂದು ಉಪಾಯವೂ ಉಂಟು. ಕಣ್ಣಿಗೆ ಕಾಣದ, ಸುಮಾರು 1.6 ಮೈಕ್ರಾನ್ ಅಲೆಯುದ್ದದ ಅವಕೆಂಪು ಕಿರಣವನ್ನು ಹಿಮ ಬಹುಪಾಲು ಹೀರಿಕೊಳ್ಳುತ್ತದೆ, ನೀರಹನಿಗಳ ಮೋಡ ಹಿಂದಕ್ಕೆ ಕಳುಹಿಸುತ್ತದೆ. ಆ ಚಿತ್ರದಲ್ಲಿ ಹಿಮ ಕಪ್ಪಾಗಿ, ಮೋಡ ಬೆಳ್ಳಗೆ ಕಾಣುತ್ತದೆ. ಇಂಥ ಓದನ್ನು ಕಲಿಸಲು ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಏಷ್ಯಾ ಶಾಂತಸಾಗರ ದೇಶಗಳವರಿಗಾಗಿ ತರಬೇತಿ ನಡೆದುಬಂದಿದೆ. ಹಿಮದ ಹರಹನ್ನು ಅಳೆದರೆ ಬೇಸಗೆಯಲ್ಲಿ ಸಟ್ಲೆಜ್‌ನಂಥ ನದಿಗೆ ಎಷ್ಟು ನೀರು ಬಂದೀತೆಂದು ಅಂದಾಜು ಮಾಡಬಹುದು. ನಮ್ಮ ವೇದಾವತಿಗೆ ಹಿಮದ ತವರಿಲ್ಲ, ಮಳೆಯೊಂದೇ ಗತಿ.

ಮೊದಲ ಹದಮಳೆ ಬಿದ್ದಾಗ ರೈತರೊಬ್ಬರು ಶಾಲೆಗೆ ಬಂದು, "ಮೇಷ್ಟ್ರೇ, ನಿಮ್ಮ ಚಿತ್ರ ಏನಂತದೆ? ಬಿತ್ತಲೋ ಬೇಡವೋ?" ಎಂದು ಕೇಳಿದರು. ಸಾಲ ಮಾಡಿ ತಂದ ಬೀಜ. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜವೂ ಹೋಯಿತು, ಸಾಲವೂ ಉಳಿಯಿತು. ಬಿತ್ತಿರೆಂದು ಹೇಳುವ ಅಧಿಕಾರ ನಮಗಿಲ್ಲ. ಉಪಗ್ರಹಕ್ಕೆ ಮೋಡದ ನೆತ್ತಿ ಕಾಣುತ್ತದೆ, ಅವರ ಹೊಲದ ತೇವ ಕಾಣದು. ಚಿತ್ರವನ್ನೂ ಐದು ದಿನಗಳ ಮುನ್ಸೂಚನೆಯನ್ನೂ ಮುಂದಿಟ್ಟು, ಮಳೆಯ ಸಂಭವ ಕಡಿಮೆಯೆಂದು ಅದರಲ್ಲಿದ್ದುದನ್ನು ಓದಿ ಹೇಳಿದೆವು. ಅವರು ಅರ್ಧ ಹೊಲ ಬಿತ್ತಿ, ಅರ್ಧ ಬೀಜ ಉಳಿಸಿಕೊಂಡರು. ಆ ವಿವೇಕ ಅವರದೇ. ಓದು ಅದಕ್ಕೆ ಊರುಗೋಲಾಯಿತು, ಅಷ್ಟೆ.

ನಮ್ಮ ಊರುಗಳಿಗೆ ಎಚ್ಚರಿಕೆಯ ಮಾತು ತೆಲುಗಿನಲ್ಲಿ ಬರುತ್ತದೆ. ಆ ಅಕ್ಷರ ಬಾರದ ಅಜ್ಜ ಅಜ್ಜಿಯರಿಗೆ ಅದನ್ನು ಕನ್ನಡದಲ್ಲಿ ತಿಳಿಯಹೇಳುವುದು ಮನೆಯ ಮಕ್ಕಳ ಹೊಣೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಅರ್ಥವೇನು, ಸಂಭವಕ್ಕೂ ನಿಶ್ಚಯಕ್ಕೂ ಭೇದವೇನು ಎಂಬಿಷ್ಟನ್ನು ಅವರು ಕಲಿತರೆ ಸಾಕು. ಗಡಿಗೆರೆ ಎಳೆದವರು ಮನುಷ್ಯರು. ಮುಗಿಲ ಚಿತ್ರದಲ್ಲಿ ಆ ಗೆರೆಯಿಲ್ಲ. ಪಂಚಾಂಗವಿರುವ ಗೂಡಿನ ಪಕ್ಕದಲ್ಲಿ ಈ ಹೊಸ ಓದಿಗೂ ತುಸು ಎಡೆ ಕೊಡಿರೆಂದು ತಾಯಿತಂದೆಯರಲ್ಲಿ ನಮ್ಮ ಬಿನ್ನಹ.